ಹಿಂದಿನ ಮುಚ್ಚಳ ತೆಗೆಯಲು ಯಾರ ಅಪ್ಪಣೆ ಬೇಕು?

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ಯಾವುದೆಂದು ಯಾರಾದರೂ ಲೆಕ್ಕ ಇಟ್ಟರೆ, 'ಊಟಕ್ಕೆ ಏನು ಮಾಡಿದ್ದೀ' ಎಂಬುದಕ್ಕೆ ಮೊದಲ ಸ್ಥಾನ ಸಿಗಬಹುದು. ಎರಡನೆಯ ಸ್ಥಾನ ಮಾತ್ರ ಖಂಡಿತವಾಗಿ 'ನೀನು ಅದನ್ನು ಬಿಚ್ಚಲಿಕ್ಕೆ ಹೋಗಬೇಡ' ಎಂಬುದಕ್ಕೆ. ಮಿಕ್ಸಿ ನಿಂತರೆ ಬಿಚ್ಚಬೇಡ, ಇಸ್ತ್ರಿಪೆಟ್ಟಿಗೆ ಕಾಯದಿದ್ದರೆ ಬಿಚ್ಚಬೇಡ, ಸ್ಕೂಟರ್ ಚಾಲೂ ಆಗದಿದ್ದರೆ ಪ್ಲಗ್ ಮುಟ್ಟಬೇಡ. ಬಿಚ್ಚುವವನೊಬ್ಬ ಬರುತ್ತಾನೆ. ಅವನು ಬರುವವರೆಗೆ ಕಾಯಬೇಕು. ಬಂದವನು ನಮಗೆ ಬೆನ್ನು ಹಾಕಿ ಕೂತು, ಏನೋ ಮಾಡಿ, ಮುಚ್ಚಳ ಮುಚ್ಚಿ, 'ಇನ್ನು ಜಾಗ್ರತೆಯಲ್ಲಿ ಉಪಯೋಗಿಸಿ' ಎಂದು ಉಪದೇಶ ಮಾಡಿ, ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಏನು ಕೆಟ್ಟಿತ್ತು ಎಂದು ನಾವು ಕೇಳಿದರೆ, ಮೂಲೆಯಲ್ಲಿ ಪೇಪರ್ ಓದುತ್ತಾ ಕೂತ ಗಂಡಸಿನ ಕಡೆ ತಿರುಗಿ ಉತ್ತರ ಹೇಳುತ್ತಾನೆ.

ಈ ಬಿಚ್ಚಬಾರದ ವಸ್ತುಗಳ ಪಟ್ಟಿಗೆ ಈಗ ಎಲೆಕ್ಟ್ರಿಕ್ ಗಿಟಾರು ಸೇರಿದೆ. ನಗಬೇಡಿ. ನಮ್ಮಂಥ ಸಣ್ಣ ಊರುಗಳಲ್ಲೂ ಇಂದು ಹುಡುಗಿಯರು ಈ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ವರ್ಷ ತುಂಬುವುದರೊಳಗೆ ಬಿಟ್ಟುಬಿಡುತ್ತಾರೆ. ಬಿಟ್ಟದ್ದೇಕೆ ಎಂದರೆ 'ಅವಳಿಗೆ ಆಸಕ್ತಿ ಹೋಯಿತು' ಎನ್ನುತ್ತೇವೆ. ಆಸಕ್ತಿ ಎಂಬುದು ತಾನಾಗಿ ಎದ್ದು ಹೋಗುವುದಕ್ಕೆ ಅದಕ್ಕೇನು ಕಾಲಿದೆಯೆ? ಯಾರೋ ಅದನ್ನು ಕೈಹಿಡಿದು ಹೊರಗೆ ಕಳಿಸಿರುತ್ತಾರೆ. ಹೇಗೆ ಕಳಿಸುತ್ತಾರೆ ಎಂಬುದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಆದ್ದರಿಂದಲೇ ಈ ಜಗಳ.

ನನ್ನ ವಾದ ಇಷ್ಟೆ. ಟ್ರೆಮೊಲೊ ಇರುವ ಗಿಟಾರು ಶ್ರುತಿಯಲ್ಲಿ ನಿಲ್ಲುವುದಿಲ್ಲ ಎಂಬುದು ಒಂದು ಸುಳ್ಳು. ಹುಡುಗಿಯರು ಅದನ್ನು ನಿಲ್ಲಿಸಲಾರರು ಎಂಬುದು ಅದಕ್ಕಿಂತ ದೊಡ್ಡ ಸುಳ್ಳು. ಮೊದಲನೆಯ ಸುಳ್ಳು ಅಂಗಡಿಯಲ್ಲಿ ಹುಟ್ಟುತ್ತದೆ, ಎರಡನೆಯದನ್ನು ನಾವು ಮನೆಯಲ್ಲಿ ಸಾಕುತ್ತೇವೆ.

ಈ ಟ್ರೆಮೊಲೊ ಎಂದರೇನು ಎಂದು ಕೇಳುವವರಿಗಾಗಿ ನಾಲ್ಕು ಮಾತು. ವೀಣೆಯಲ್ಲಿ ತಂತಿಯನ್ನು ಬೆರಳಿನಿಂದ ಎಳೆದು ಸ್ವರವನ್ನು ಓಲಾಡಿಸುತ್ತೇವಲ್ಲ, ಅಂಥ ಓಲಾಟವನ್ನು ಆರೂ ತಂತಿಗಳಿಗೆ ಒಟ್ಟಿಗೇ ಕೊಡುವ ಒಂದು ಕಬ್ಬಿಣದ ಹಿಡಿಕೆ ಇದು. ಹಿಡಿಕೆ ಅದುಮಿದರೆ ತಂತಿಗಳ ಕುದುರೆಯೇ ಮುಂದಕ್ಕೆ ಬಾಗಿ ಸ್ವರ ಇಳಿಯುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನ ಲಿಯೋ ಫೆಂಡರ್ 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಈ ಏರ್ಪಾಡನ್ನು ಕೂರಿಸಿದ್ದ. ಇಂದು ಅಂಗಡಿಗಳಲ್ಲಿ ಕಾಣುವ ಇಂಥ ಗಿಟಾರುಗಳಲ್ಲಿ ಬಹುಪಾಲು ಅದರದೇ ಮರಿಗಳು. ಹೆಸರೂ ತಪ್ಪು ಹೆಸರೇ. ಸ್ವರ ಏರಿಳಿದರೆ ಸಂಗೀತದ ಭಾಷೆಯಲ್ಲಿ ಅದು ವೈಬ್ರಾಟೊ. ಸದ್ದು ಜೋರು ಮೆಲ್ಲಗೆ ಆದರೆ ಟ್ರೆಮೊಲೊ. ಫೆಂಡರ್ ಇದನ್ನು ಟ್ರೆಮೊಲೊ ಎಂದ, ಜಗತ್ತೂ ಹಾಗೇ ಕರೆಯಿತು.

ಇಲ್ಲೊಂದು ಸ್ವಾರಸ್ಯ ಕೇಳಿ. ಈ ಲಿಯೋ ಫೆಂಡರ್ ರೇಡಿಯೋ ರಿಪೇರಿಯವ. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೂ ಬಿಚ್ಚಿದ, ಜೋಡಿಸಿದ, ನುಡಿಸುವವರ ಕೈಗೆ ಕೊಟ್ಟು ಅವರ ದೂರು ಕೇಳಿ ಮತ್ತೆ ಬಿಚ್ಚಿದ. 'ನಿನಗೆ ನುಡಿಸಲಿಕ್ಕೇ ಬರುವುದಿಲ್ಲ, ನಿನಗೇಕೆ ಇದೆಲ್ಲ' ಎಂದು ಅವನಿಗೆ ಯಾರೂ ಅಡ್ಡ ಬರಲಿಲ್ಲ. ನುಡಿಸಲು ಬರುವ ಹುಡುಗಿಗೆ ಮಾತ್ರ ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಆರು ಸ್ಕ್ರೂ ತೆಗೆಯಲು ಅಪ್ಪಣೆ ಇಲ್ಲ!

ನನ್ನ ಮಗಳ ಕತೆ ಹೇಳುತ್ತೇನೆ. ಪಿಯುಸಿಗೆ ಸೇರಿದ ವರ್ಷ ಅವಳ ಅಜ್ಜಿ ಕೊಟ್ಟ ದುಡ್ಡಿನಲ್ಲಿ ಗಿಟಾರು ಬಂತು. ಆರು ತಿಂಗಳು ಚೆನ್ನಾಗಿಯೇ ನಡೆಯಿತು. ತಂತಿ ಹಳತಾಯಿತೆಂದು ಅಂಗಡಿಗೆ ಕೊಟ್ಟೆವು. ಹೊಸ ತಂತಿ ಹಾಕಿಸಿಕೊಂಡು ಬಂದ ದಿನದಿಂದ ಶುರುವಾಯಿತು ರಗಳೆ. ಬೆಳಿಗ್ಗೆ ಶ್ರುತಿ ಮಾಡಿದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಅಪಶ್ರುತಿ. ಹಿಡಿಕೆ ಮುಟ್ಟಿದರಂತೂ ಮುಗಿಯಿತು. ಮತ್ತೆ ಅಂಗಡಿಗೆ ಹೋದೆವು. 'ಹುಡುಗಿ ಹಿಡಿಕೆಯನ್ನು ಜೋರಾಗಿ ಅದುಮಿದ್ದಾಳೆ ಮೇಡಂ' ಎಂದರು. ಮುನ್ನೂರು ರೂಪಾಯಿ. ಎರಡನೆಯ ಸಲ ಐನೂರು. ಮೂರನೆಯ ಸಲ, 'ಆರೂ ಬಿರಡೆ ಬದಲಿಸಬೇಕು, ನಾಲ್ಕೂವರೆ ಸಾವಿರ ಆಗ್ತದೆ. ಇಲ್ಲದಿದ್ದರೆ ಒಳಗೊಂದು ಮರದ ತುಂಡು ಇಟ್ಟು ಹಿಡಿಕೆ ಅಲ್ಲಾಡದ ಹಾಗೆ ಮಾಡಿ ಕೊಡ್ತೇನೆ. ಹುಡುಗಿಯರಿಗೆ ಇದೆಲ್ಲ ಎಂತಕ್ಕೆ?' ಎಂದರು.

ಗಿಟಾರು ಕಲಿಸುವ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 'ನಿನ್ನ ಕಿವಿಯೇ ಸರಿಯಿಲ್ಲ' ಎಂದುಬಿಟ್ಟ. ಉಳಿದ ನಾಲ್ಕು ಗಂಡುಮಕ್ಕಳ ಎದುರಿಗೆ. ಆ ನಾಲ್ವರ ಗಿಟಾರುಗಳೂ ಅಪಶ್ರುತಿಯಾಗುತ್ತಿದ್ದವು, ಅದಕ್ಕೆ ಅವನ ಬಳಿ ಕಾರಣವಿತ್ತು: ಗಿಟಾರು ಅಗ್ಗದ್ದು, ಹವೆ ಸರಿಯಿಲ್ಲ. ಇವಳದಕ್ಕೆ ಮಾತ್ರ ಇವಳ ಕಿವಿ. ಕಾಲೇಜಿನ ವಾರ್ಷಿಕೋತ್ಸವದ ಪಟ್ಟಿಯಿಂದ ಅವಳ ಹೆಸರು ಹೋಯಿತು. ಗಿಟಾರು ಚೀಲದೊಳಗೆ ಸೇರಿ ಬೀರುವಿನ ಹಿಂದೆ ನಾಲ್ಕು ತಿಂಗಳು ನಿಂತಿತು. ಮನೆಗೆ ಬಂದ ನೆಂಟರೆಲ್ಲ 'ನಾವು ಆಗಲೇ ಹೇಳಿದ್ದೆವು' ಎಂದರು. ಆಗಲೇ ಹೇಳಿದವರಿಗೆ ನಮ್ಮ ಕುಟುಂಬದಲ್ಲಿ ಎಂದೂ ಬರಗಾಲವಿಲ್ಲ.

ನನ್ನನ್ನು ಕೆರಳಿಸಿದ್ದು ಆ ಕಿವಿಯ ಮಾತು. ನಾನು ಹತ್ತು ವರ್ಷ ವೀಣೆ ಕಲಿತವಳು. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದರೆ ಮತ್ತೆ ಕೂರಿಸುವುದನ್ನು ನನ್ನ ದೊಡ್ಡಮ್ಮ ಮಾಡುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದವಳು. ತಂಬೂರಿಯ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ನಾದವೇ ಬದಲಾಗುತ್ತದೆ ಎಂದು ಬಲ್ಲವಳು. ವಾದ್ಯ ಅಪಶ್ರುತಿಯಾದರೆ ಕಾರಣ ವಾದ್ಯದಲ್ಲಿರುತ್ತದೆ. ಅಪಶ್ರುತಿ ಆಗಿದೆಯೆಂದು ಮಗಳಿಗೆ ಗೊತ್ತಾಗುತ್ತಿತ್ತಲ್ಲ, ಅವಳ ಕಿವಿ ಸರಿ ಇದೆಯೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕಿವಿ ಕೆಟ್ಟವರಿಗೆ ಎಲ್ಲವೂ ಸುಶ್ರಾವ್ಯ!

ಇನ್ನು ಆ 'ರಹಸ್ಯ'ಕ್ಕೆ ಬರೋಣ. ಗಿಟಾರಿನ ಬೆನ್ನಿನ ಮುಚ್ಚಳ ತೆಗೆದರೆ ಒಳಗೆ ಕಾಣುವುದು ಮೂರರಿಂದ ಐದು ಸ್ಪ್ರಿಂಗುಗಳು. ಒಂದು ಕೊನೆ ಕುದುರೆಯ ಅಡಿಯ ಲೋಹದ ಗಟ್ಟಿಗೆ, ಇನ್ನೊಂದು ಕೊನೆ ಪಂಜದ ಆಕಾರದ ಒಂದು ತಗಡಿಗೆ. ಆ ತಗಡನ್ನು ಎರಡು ಉದ್ದ ಸ್ಕ್ರೂಗಳು ಮರಕ್ಕೆ ಹಿಡಿದಿರುತ್ತವೆ. ಅಷ್ಟೆ. ಮುಂದುಗಡೆ ಆರು ತಂತಿಗಳು ಕುದುರೆಯನ್ನು ಒಂದು ಕಡೆಗೆ ಎಳೆಯುತ್ತವೆ; ತೆಳ್ಳಗಿನ ತಂತಿಗಳ ಜೊತೆಯಾದರೆ ಸುಮಾರು 38 ಕಿಲೋ ತೂಕದ ಎಳೆತ, ಒಂದು ಅಳತೆ ದಪ್ಪದ್ದಾದರೆ ಸುಮಾರು 46 ಕಿಲೋ. ಹೆಚ್ಚುಕಡಿಮೆ ಒಂದು ಅಕ್ಕಿಮೂಟೆ ಎನ್ನಿ. ಹಿಂದಿನಿಂದ ಸ್ಪ್ರಿಂಗುಗಳು ಕುದುರೆಯನ್ನು ಇನ್ನೊಂದು ಕಡೆಗೆ ಎಳೆಯುತ್ತವೆ. ಎರಡೂ ಸಮವಾದಾಗ ಕುದುರೆ ನಡುವೆ ನಿಲ್ಲುತ್ತದೆ, ತಕ್ಕಡಿಯ ಮುಳ್ಳಿನ ಹಾಗೆ.

ಇದು ತಕ್ಕಡಿ ಎಂದು ತಿಳಿದುಕೊಂಡರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಒಂದು ತಂತಿಯನ್ನು ಬಿಗಿದರೆ ಕುದುರೆ ಕೂದಲಷ್ಟು ಮುಂದಕ್ಕೆ ಬಾಗುತ್ತದೆ, ಉಳಿದ ಐದೂ ಸಡಿಲಾಗುತ್ತವೆ. ಒಂದು ತಂತಿ ತುಂಡಾದರೆ ಉಳಿದ ಐದೂ ಏರುತ್ತವೆ. ಆದ್ದರಿಂದ ಆರು ತಂತಿಯನ್ನು ಒಂದು ಸುತ್ತು ಶ್ರುತಿ ಮಾಡಿ ಎದ್ದು ಹೋಗುವಂತಿಲ್ಲ. ಮೂರು ನಾಲ್ಕು ಸುತ್ತು ಮಾಡಬೇಕು. ಪ್ರತಿ ಸುತ್ತಿಗೂ ವ್ಯತ್ಯಾಸ ಕಡಿಮೆಯಾಗುತ್ತಾ ಬಂದು ಕೊನೆಗೆ ನಿಲ್ಲುತ್ತದೆ. ಇದು ವಾದ್ಯದ ದೋಷವಲ್ಲ, ಅದರ ಸ್ವಭಾವ. ಮೊದಲ ದಿನವೇ ಹೇಳಿಕೊಡಬೇಕಾದ ಈ ಒಂದು ಮಾತನ್ನು ಗಿಟಾರು ಮಾರುವ ಅಂಗಡಿಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ನಮ್ಮಲ್ಲಿ ಅನೇಕರು ಹೊಲಿಗೆ ಯಂತ್ರ ತುಳಿದವರು. ಬಟ್ಟೆಯ ಅಡಿಯಲ್ಲಿ ನೂಲು ಗಂಟುಗಂಟಾಗಿ ಸೇರಿದರೆ ಹೊಸಬರು ಬಾಬಿನ್ನನ್ನು ಬೈಯುತ್ತಾರೆ. ಪಳಗಿದವರು ಮೇಲಿನ ನೂಲಿನ ಬಿಗಿತದ ತಿರುಪಿಗೆ ಕೈ ಹಾಕುತ್ತಾರೆ. ತಪ್ಪು ಕಾಣುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು. ಗಿಟಾರಿನಲ್ಲೂ ಹಾಗೆಯೇ. ತಂತಿ ಸಡಿಲಾಯಿತೆಂದರೆ ಎಲ್ಲರ ಕಣ್ಣೂ ಬಿರಡೆಯ ಮೇಲೆ, ಏಕೆಂದರೆ ತಿರುಗಿಸುವುದು ಅದನ್ನೇ. ಗಿಟಾರಿನ ಬಿರಡೆ ಒಳಗೆ ಹಲ್ಲುಚಕ್ರ ಇರುವಂಥದ್ದು. ತೀರಾ ಸವೆದ ಹೊರತು ತಾನಾಗಿ ಹಿಂದಕ್ಕೆ ಜಾರುವುದು ಅಪರೂಪ. ಬಹಳಷ್ಟು ಸಲ ಕಳ್ಳ ಕೂತಿರುವುದು ತಂತಿ ಉಜ್ಜಿಕೊಂಡು ಹೋಗುವ ಕಡೆ.

ಮುಖ್ಯವಾದ ಅಂಥ ಜಾಗ ಗಿಟಾರಿನ ತಲೆಯ ಬುಡದಲ್ಲಿದೆ. ಆರು ಕಚ್ಚುಗಳಿರುವ ಒಂದು ಸಣ್ಣ ಬಿಳಿ ಪಟ್ಟಿ. ಅದಕ್ಕೆ ನಟ್ ಎಂದು ಹೆಸರು. ಬೋಲ್ಟಿನ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಹಿಡಿಕೆ ಅದುಮಿದಾಗ ತಂತಿ ಸಡಿಲಾಗಿ ಕಚ್ಚಿನ ಮೂಲಕ ಸ್ವಲ್ಪ ಬಿರಡೆಯ ಕಡೆಗೆ ಸರಿಯುತ್ತದೆ. ಬಿಟ್ಟಾಗ ಅಷ್ಟೇ ವಾಪಸು ಬರಬೇಕು. ಕಚ್ಚು ಇಕ್ಕಟ್ಟಾಗಿದ್ದರೆ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸ್ವರ ಏರಿ ನಿಲ್ಲುತ್ತದೆ. ಹಿಡಿಕೆಯನ್ನು ಮೇಲಕ್ಕೆ ಎತ್ತಿ ಬಿಟ್ಟರೆ ಇದರ ತಿರುಗುಮುರುಗು. ಸ್ವರ ಇಳಿದು ನಿಲ್ಲುತ್ತದೆ. ಶ್ರುತಿ ಮಾಡುವಾಗ ತಲೆಯ ಹತ್ತಿರ 'ಟಿಂಗ್' ಎಂದು ಸಣ್ಣ ಸದ್ದು ಬಂದರೆ ತಂತಿ ಸಿಕ್ಕಿ ಬಿಡಿಸಿಕೊಂಡಿತು ಎಂದೇ ಅರ್ಥ. ಇಳಿದು ನಿಂತ ತಂತಿಯನ್ನು ನಟ್ಟಿಗೂ ಬಿರಡೆಗೂ ನಡುವೆ ಬೆರಳಿನಿಂದ ಒತ್ತಿ ಬಿಡಿ. ಸ್ವರ ತನ್ನ ಜಾಗಕ್ಕೆ ಬಂತೋ, ಕಳ್ಳ ಸಿಕ್ಕಿಬಿದ್ದ. ಇದಕ್ಕೆ ಔಷಧ ಮಕ್ಕಳ ಕಂಪಾಸು ಡಬ್ಬಿಯಲ್ಲಿದೆ. 2ಬಿ ಪೆನ್ಸಿಲಿನ ಮೊನೆಯನ್ನು ಕಚ್ಚಿನಲ್ಲಿ ನಾಲ್ಕು ಸಲ ಉಜ್ಜಿದರೆ ಅದರ ಗ್ರಾಫೈಟ್ ಪುಡಿ ತಂತಿಯನ್ನು ಜಾರಿಸುತ್ತದೆ. ತಲೆಯ ಮೇಲೆ ತಂತಿಯನ್ನು ಅದುಮಿ ಹಿಡಿಯುವ ಸಣ್ಣ ಕೊಂಡಿಯ ಕೆಳಗೂ, ಕುದುರೆಯ ಮೇಲೆ ತಂತಿ ಕೂರುವ ಆರು ಜಾಗಕ್ಕೂ ಅದೇ ಉಪಚಾರ.

ಎರಡನೆಯದು ಹೊಸ ತಂತಿ. ಹೊಸ ತಂತಿಯನ್ನು ಬಿರಡೆಗೆ ಎರಡು ಮೂರು ಸುತ್ತು, ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಸುತ್ತಬೇಕು. ಏಳೆಂಟು ಸುತ್ತು ಒಂದರ ಮೇಲೊಂದು ಹತ್ತಿದರೆ ಹಿಡಿಕೆ ಅದುಮಿದಾಗಲೆಲ್ಲ ಸುತ್ತುಗಳು ಸರಿದಾಡುತ್ತವೆ. ಆಮೇಲೆ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದೆಳೆದು ಸೆಳೆಸಬೇಕು, ಮತ್ತೆ ಶ್ರುತಿ ಮಾಡಬೇಕು, ಎಳೆದರೂ ಇಳಿಯದ ತನಕ. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸಬೇಕು. ಏರಿಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಬೇಕು. ಇದನ್ನೆಲ್ಲ ಯಾವ ವೀಣೆಯವಳಿಗೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ಸ್ಪ್ರಿಂಗು. ಮುಂಚಿಗಿಂತ ದಪ್ಪ ತಂತಿ ಹಾಕಿದರೆ ಎಳೆತ ಹೆಚ್ಚುತ್ತದೆ. ಆಗ ಹಿಂದಿನ ಆ ಎರಡು ಸ್ಕ್ರೂಗಳನ್ನು ಬಿಗಿದು ಸ್ಪ್ರಿಂಗಿನ ಎಳೆತವನ್ನೂ ಹೆಚ್ಚಿಸಬೇಕು. ಇಲ್ಲದಿದ್ದರೆ ಕುದುರೆ ಮುಂದಕ್ಕೆ ಬಾಗಿ ಹಿಂಬದಿ ಎದ್ದು ನಿಲ್ಲುತ್ತದೆ. ಫೆಂಡರ್ ಮಾದರಿಯಲ್ಲಿ ಹಿಂಬದಿಯ ಅಡಿಗೆ ಸುಮಾರು 3 ಮಿಲಿಮೀಟರ್ ಸಂದು ಇದ್ದರೆ ಸರಿ. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಬೇಕು. ಆರನ್ನೂ ತೆಗೆಯಬೇಕಾದರೆ ಕುದುರೆಯ ಹಿಂಬದಿಯ ಅಡಿಗೆ ಮಡಿಸಿದ ಬಟ್ಟೆ ಇಟ್ಟುಕೊಳ್ಳಬೇಕು, ತಕ್ಕಡಿ ಒಂದು ಕಡೆಗೆ ಬೀಳದ ಹಾಗೆ.

ನಾವು ಅಮ್ಮ ಮಗಳು ಒಂದು ಭಾನುವಾರ ಮಧ್ಯಾಹ್ನ ಚಾಪೆ ಹಾಕಿಕೊಂಡು ಮುಚ್ಚಳ ತೆಗೆದಾಗ ಕಂಡದ್ದೇನು ಗೊತ್ತೆ? ಅಂಗಡಿಯಲ್ಲಿ ಮುಂಚಿಗಿಂತ ದಪ್ಪದ ತಂತಿ ಹಾಕಿದ್ದರು. ಅಳತೆ ತಂತಿಯ ಲಕೋಟೆಯ ಮೇಲೇ ಇತ್ತು. ತೆಳು ತಂತಿಗೆಂದು ಕೊರೆದ ಕಚ್ಚಿನಲ್ಲಿ ಅದು ಕಚ್ಚಿಕೊಂಡು ಕೂತಿತ್ತು. ಹಿಂದಿನ ಸ್ಕ್ರೂ ಮುಟ್ಟಿರಲಿಲ್ಲ, ಅದರ ಮೇಲಿನ ಧೂಳೇ ಹಾಗೆ ಹೇಳುತ್ತಿತ್ತು. ಬಿರಡೆಯ ಮೇಲೆ ಸುತ್ತುಗಳು ಹಬ್ಬದ ಮರುದಿನದ ಹೂವಿನ ದಾರದ ಹಾಗೆ ಗೋಜಲಾಗಿದ್ದವು. ಮುಂಚಿನ ಅಳತೆಯ ತಂತಿಯನ್ನೇ ತರಿಸಿದೆವು. ಪೆನ್ಸಿಲು ಉಜ್ಜಿದೆವು. ಮಗಳೇ ತಂತಿ ಸುತ್ತಿದಳು, ಎಳೆದು ಸೆಳೆಸಿದಳು, ನಾಲ್ಕು ಸುತ್ತು ಶ್ರುತಿ ಮಾಡಿದಳು. ಹಿಡಿಕೆಯನ್ನು ಅದುಮಿದಳು, ಬಿಟ್ಟಳು, ಮತ್ತೆ ಮೀಟಿದಳು. ನಿಂತಿತ್ತು. ಬಿರಡೆ ಬದಲಿಸಲು ಕೇಳಿದ ನಾಲ್ಕೂವರೆ ಸಾವಿರ ಡಬ್ಬಿಯಲ್ಲೇ ಉಳಿಯಿತು. ಆದರೆ ಬೀರುವಿನ ಹಿಂದೆ ಕಳೆದ ನಾಲ್ಕು ತಿಂಗಳನ್ನು ಅವಳಿಗೆ ಯಾರು ವಾಪಸು ಕೊಡುತ್ತಾರೆ? 'ನಿನ್ನ ಕಿವಿ ಸರಿಯಿಲ್ಲ' ಎಂಬ ಮಾತನ್ನು ಯಾವ ಸ್ಕ್ರೂಡ್ರೈವರಿನಿಂದ ತೆಗೆಯುವುದು?

ಈಗ ಎದುರುವಾದಗಳಿಗೆ ಉತ್ತರ ಕೊಡಬೇಕು. ಅವು ಬರುತ್ತವೆಂದು ನನಗೆ ಗೊತ್ತು, ಬಂದೂ ಆಗಿದೆ.

'ದೊಡ್ಡ ದೊಡ್ಡವರೇ ಹಿಡಿಕೆಯನ್ನು ಕಟ್ಟಿಹಾಕಿಕೊಳ್ಳುತ್ತಾರೆ' ಎನ್ನುತ್ತಾರೆ. ನಿಜ. ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ತನ್ನ ಸ್ಟ್ರಾಟೊಕಾಸ್ಟರಿನಲ್ಲಿ ಮರದ ತುಂಡು ಇಡಿಸಿ ಕುದುರೆ ಅಲ್ಲಾಡದಂತೆ ಮಾಡಿಕೊಂಡವನು. ಅದು ಅವನ ಆಯ್ಕೆ. ಅವನು ಅದರ ಗುಣ ತಿಳಿದು, ತನ್ನ ನುಡಿಸಾಣಿಕೆಗೆ ಬೇಡವೆಂದು ಬಿಟ್ಟ. ಅದೇ ನಾಡಿನ ಜೆಫ್ ಬೆಕ್ 2023ರಲ್ಲಿ ತೀರಿಕೊಳ್ಳುವವರೆಗೂ ಅದೇ ಹಿಡಿಕೆಯಿಂದ ಗಿಟಾರನ್ನು ಹಾಡಿಸಿದ. ಉಪ್ಪು ಬೇಡವೆಂದು ಬಿಡುವವಳಿಗೂ ಉಪ್ಪಿನ ಡಬ್ಬಿಯನ್ನೇ ಕಸಿದುಕೊಳ್ಳಲ್ಪಟ್ಟವಳಿಗೂ ಊಟ ಒಂದೇ ಎಂದು ಹೇಳಬೇಡಿ.

'ಬೀಗ ಹಾಕುವ ಟ್ರೆಮೊಲೊ ಕೊಡಿಸಿ, ತಲೆನೋವೇ ಇಲ್ಲ' ಎನ್ನುತ್ತಾರೆ ಇನ್ನು ಕೆಲವರು. ಅಮೆರಿಕದ ಫ್ಲಾಯ್ಡ್ ರೋಸ್ ಎಂಬ ಗಿಟಾರು ವಾದಕ ಇದಕ್ಕೆ 1979ರಲ್ಲಿ ಪೇಟೆಂಟ್ ಪಡೆದ. ತಂತಿಯನ್ನು ನಟ್ಟಿನಲ್ಲೂ ಕುದುರೆಯಲ್ಲೂ ತಿರುಪಿನಿಂದ ಬಿಗಿದುಬಿಟ್ಟರೆ ಅದು ಜಾರುವ ಪ್ರಶ್ನೆಯೇ ಇಲ್ಲ. ತುಸುವೇ ಶ್ರುತಿ ತಿದ್ದಲು ಕುದುರೆಯ ಬಳಿ ಪುಟ್ಟ ತಿರುಪುಗಳು. ನಮ್ಮ ತಂಬೂರಿಯ ಮಣಿಗಳ ಹಾಗೆ. ಒಳ್ಳೆಯ ಯಂತ್ರವೇ. ಆದರೆ ಅದೂ ತಕ್ಕಡಿಯೇ. ಅದಕ್ಕೂ ಹಿಂದೆ ಸ್ಪ್ರಿಂಗು ಇದೆ, ತಂತಿ ತುಂಡಾದರೆ ಅದೂ ಓಲುತ್ತದೆ, ತಂತಿ ಬದಲಿಸುವುದು ಇನ್ನಷ್ಟು ಹೊತ್ತಿನ ಕೆಲಸ. ಅಗ್ಗದ ನಕಲಿನಲ್ಲಿ ಕುದುರೆ ಕೂರುವ ಅಂಚು ಬೇಗ ಸವೆಯುತ್ತದೆ. ಏಕೆ ಎಂದು ತಿಳಿಯದವರಿಗೆ ದುಬಾರಿ ಯಂತ್ರವೂ ಒಂದು ದಿನ ಕೈಕೊಡುತ್ತದೆ.

ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇದೆಯಲ್ಲ ಎಂಬ ಮಾತೂ ಇದೆ. ಇದೆ, ಉಪಯೋಗಿಸಿ. ಜ್ವರ ಎಷ್ಟಿದೆ ಎಂದು ಥರ್ಮಾಮೀಟರು ಹೇಳುತ್ತದೆ. ಯಾವ ಜ್ವರ ಎಂದು ಹೇಳುವುದಿಲ್ಲ.

ಹಿರಿಯರದು ಬೇರೆಯೇ ರಾಗ. 'ವಿದೇಶಿ ವಾದ್ಯ, ಅದೂ ಕರೆಂಟಿನದ್ದು, ಅದಕ್ಕೆಲ್ಲಿಯ ಶ್ರುತಿ?' ಇವರ ನೆನಪಿನ ಶಕ್ತಿಯ ಬಗ್ಗೆ ನನಗೆ ಚಿಂತೆ. ನಮ್ಮ ಕಚೇರಿಗಳಲ್ಲಿ ಹಾಡುವವರ ಪಕ್ಕ ಕೂರುವ ಪಿಟೀಲು ಎಲ್ಲಿಂದ ಬಂತು? ಮೈಸೂರಿನ ಟಿ. ಚೌಡಯ್ಯನವರು ಆ ಪಿಟೀಲಿಗೆ ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದ್ದೇವೆ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದಾಗ ಇದೇ ಹಿರಿಯರು ತಲೆದೂಗಿದ್ದಾರೆ. ವಾದ್ಯವನ್ನು ಬಿಚ್ಚಿ ಬದಲಿಸುವುದು ವಿದ್ವಾಂಸರಿಗೆ ಸಂಶೋಧನೆ, ನಮ್ಮ ಹುಡುಗಿಗೆ ಮಾತ್ರ ಅಧಿಕಪ್ರಸಂಗ. ಶ್ರುತಿಯೇ ತಾಯಿ, ಲಯವೇ ತಂದೆ ಎಂದು ಸಭೆಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ತಾಯಿಯನ್ನು ಶ್ರುತಿ ಎನ್ನುವುದು, ತಾಯಂದಿರಿಗೆ ಶ್ರುತಿಯ ವಿಚಾರ ತಿಳಿಯದು ಎನ್ನುವುದು! ಎರಡರಲ್ಲಿ ಒಂದನ್ನು ಕೈಬಿಡಿ ಸ್ವಾಮಿ.

'ಗಿಟಾರು ಗಂಡಸರ ವಾದ್ಯ' ಎನ್ನುವವರಿಗೆ ಮೂರು ಹೆಸರು ಕೊಡುತ್ತೇನೆ. ಅಮೆರಿಕದ ಸಿಸ್ಟರ್ ರೊಸೆಟಾ ಥಾರ್ಪ್, ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ಕಪ್ಪು ಮಹಿಳೆ. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ರೈಲು ನಿಲ್ದಾಣದಲ್ಲಿ ಟಿ.ವಿ.ಗಾಗಿ ಆಕೆ ನುಡಿಸಿದ್ದನ್ನು ಇಂದಿಗೂ ನೋಡಬಹುದು. ಎರಡನೆಯವಳು ಜೆನಿಫರ್ ಬ್ಯಾಟನ್. ಮೈಕೇಲ್ ಜಾಕ್ಸನ್ನನ ಮೂರು ವಿಶ್ವ ಪ್ರವಾಸಗಳಲ್ಲಿ ಗಿಟಾರು ಹಿಡಿದವಳು, ಆಮೇಲೆ ಆ ಹಿಡಿಕೆಯ ಮಾಂತ್ರಿಕ ಜೆಫ್ ಬೆಕ್ಕನ ತಂಡಕ್ಕೇ ಸೇರಿದವಳು. ಮೂರನೆಯವಳು ವೇದಿಕೆ ಹತ್ತಿದವಳಲ್ಲ. ಅಬಿಗೇಲ್ ಇಬಾರಾ, 1956ರಲ್ಲಿ ಫೆಂಡರ್ ಕಾರ್ಖಾನೆಗೆ ಸೇರಿ 2013ರಲ್ಲಿ ನಿವೃತ್ತಳಾದವಳು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿಗಳನ್ನು ಕೈಯಾರೆ ಸುತ್ತುತ್ತಿದ್ದವಳು. ಅವಳ ಹೆಸರಿನ ಮೊದಲಕ್ಷರಗಳಿರುವ ಸುರುಳಿಗಳಿಗಾಗಿ ಗಂಡಸರು ಹೆಚ್ಚು ದುಡ್ಡು ಕೊಟ್ಟು ಕೊಂಡರು. ಹೆಣ್ಣಿನ ಕೈ ಗಿಟಾರಿನ ಹೊಟ್ಟೆಯೊಳಗೆ ಮೊದಲಿನಿಂದಲೂ ಇತ್ತು. ಮುಚ್ಚಳ ಮುಚ್ಚಿದ ಮೇಲೆ ಕಾಣಲಿಲ್ಲ, ಅಷ್ಟೆ.

ನನ್ನ ಗೆಳತಿಯೊಬ್ಬರು ಇದನ್ನು ಓದಿ, 'ಚೆನ್ನಾಗಿದೆ, ಸಂಸಾರಕ್ಕೂ ಹೋಲಿಸಿ ಬರೆಯಬಹುದಿತ್ತು. ಎರಡು ಕಡೆಯ ಎಳೆತದ ನಡುವೆ ನಿಂತ ಹೆಣ್ಣು...' ಎಂದರು. ಬೇಡ ಅಕ್ಕಾ. ಹೆಣ್ಣನ್ನು ವೀಣೆಗೂ ಬಳ್ಳಿಗೂ ದೀಪಕ್ಕೂ ಹೋಲಿಸಿದ್ದು ಸಾಕು. ನಾನು ಹೇಳುತ್ತಿರುವುದು ಮರ, ಕಬ್ಬಿಣ ಮತ್ತು ಸ್ಪ್ರಿಂಗಿನ ವಿಷಯ. ಅದು ಹಾಗೇ ಇರಲಿ. ಹೆಣ್ಣುಮಕ್ಕಳಿಗೆ ಉಪಮೆಗಳನ್ನು ಧಾರಾಳವಾಗಿ ಕೊಟ್ಟಿದ್ದೇವೆ, ಸ್ಕ್ರೂಡ್ರೈವರನ್ನು ಕೊಟ್ಟಿಲ್ಲ.

ಎಲ್ಲವನ್ನೂ ನಾವೇ ಮಾಡಬೇಕೆಂದೂ ನಾನು ಹೇಳುತ್ತಿಲ್ಲ. ನಟ್ಟಿನ ಕಚ್ಚನ್ನು ಅರದಿಂದ ಅಗಲಿಸುವುದು ನುರಿತವರ ಕೆಲಸ. ಒಂದು ಎಳೆ ಹೆಚ್ಚು ಉಜ್ಜಿದರೆ ಪಟ್ಟಿಯೇ ಹೋಯಿತು. ಆಂಪ್ಲಿಫೈಯರಿನ ಮುಚ್ಚಳವನ್ನಂತೂ ತೆಗೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಗಿಟಾರಿನ ಸ್ಪ್ರಿಂಗಿನ ಗೂಡಿನಲ್ಲಿ ಅಂಥ ಅಪಾಯವಿಲ್ಲ. ಒಂದು ಅರ್ತ್ ತಂತಿ ಬೆಸೆದಿರುತ್ತದೆ, ಅದನ್ನು ಎಳೆಯದಿದ್ದರೆ ಆಯಿತು. ಸ್ಪ್ರಿಂಗನ್ನೇ ತೆಗೆಯುವುದಿದ್ದರೆ ಮೊದಲು ತಂತಿ ಸಡಿಲಿಸಿ, ಮುಖ ದೂರವಿಡಿ. ತೀರಾ ಮೆತ್ತನೆ ಲೋಹದ ಅಗ್ಗದ ವಾದ್ಯವಾದರೆ ಏನು ಮಾಡಿದರೂ ಪೂರ್ತಿ ನಿಲ್ಲಲಿಕ್ಕಿಲ್ಲ. ಇದೆಲ್ಲ ನಿಜ. ರಿಪೇರಿಯವರ ಬಳಿ ಹೋಗಬಾರದೆಂದು ನನ್ನ ಹಟವಲ್ಲ. ಹೋಗುವ ಮುನ್ನ ರೋಗ ಯಾವುದೆಂದು ನಮಗೆ ತಿಳಿದಿರಲಿ. 'ಮೂರನೆಯ ತಂತಿ ನಟ್ಟಿನಲ್ಲಿ ಸಿಕ್ಕುತ್ತಿದೆ, ಕಚ್ಚು ಅಗಲಿಸಿಕೊಡಿ' ಎಂದು ಹೇಳುವ ಹುಡುಗಿಗೆ ನಾಲ್ಕೂವರೆ ಸಾವಿರದ ಬಿರಡೆ ಮಾರುವುದು ಸುಲಭವಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ನಮ್ಮ ಮಳೆಗಾಲದ ಹಸಿಗಾಳಿಗೆ ಬಾಗಿಲೇ ಉಬ್ಬಿ ಕೂರುತ್ತದೆ, ಗಿಟಾರಿನ ಮರ ಬಿಡುತ್ತದೆಯೆ? ಬೆವರಿಗೆ ತಂತಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ತಂತಿ ಎಲ್ಲಿಯೂ ಸಲೀಸಾಗಿ ಜಾರುವುದಿಲ್ಲ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿಡಿ. ಪಾತ್ರೆ ಒರೆಸುವುದನ್ನು ಹುಡುಗಿಯರಿಗೆ ಕಲಿಸಿದ್ದೇವಲ್ಲ, ಇದನ್ನೂ ಕಲಿಸಬಹುದು. ಹುಡುಗರಿಗೆ ಎರಡನ್ನೂ ಕಲಿಸಬಹುದು.

ಅಂಗಡಿಯವರಲ್ಲಿ ನನ್ನ ಬೇಡಿಕೆ: ಗಿಟಾರು ಮಾರುವ ದಿನ ಹತ್ತು ನಿಮಿಷ ಕೂರಿಸಿ ಹಿಂದಿನ ಮುಚ್ಚಳ ತೆಗೆದು ತೋರಿಸಿ. ತಂತಿಯ ಅಳತೆ ಬದಲಿಸಿದರೆ ಬಾಯಿ ಬಿಟ್ಟು ಹೇಳಿ. ಕಲಿಸುವವರಲ್ಲಿ ಬೇಡಿಕೆ: ಅಪಶ್ರುತಿ ಕೇಳಿದರೆ ಮೊದಲು ವಾದ್ಯವನ್ನು ನೋಡಿ, ಆಮೇಲೆ ಹುಡುಗಿಯ ಕಿವಿಯ ಸುದ್ದಿಗೆ ಬನ್ನಿ. ಇನ್ನು ನಾವು ಅಮ್ಮಂದಿರು. ಮಗಳ ಹುಟ್ಟುಹಬ್ಬಕ್ಕೆ ಒಂದು ಡಬ್ಬಿ ಮಾಡಿಕೊಡೋಣ. ಅದರಲ್ಲಿ ಒಂದು ನಕ್ಷತ್ರಮೂತಿಯ ಸ್ಕ್ರೂಡ್ರೈವರು, ತಂತಿ ಕತ್ತರಿಸುವ ಇಕ್ಕಳ, 2ಬಿ ಪೆನ್ಸಿಲು, ಹಳೆಯ ಹತ್ತಿಸೀರೆಯ ತುಂಡು, ಒಂದು ಜೊತೆ ತಂತಿ ಇರಲಿ. ಡಬ್ಬಿಯ ಮೇಲೆ ಅವಳ ಹೆಸರು ಬರೆಯೋಣ. ಮತ್ತು ಅವಳು ಅದನ್ನು ತೆರೆದು ಚಾಪೆಯ ಮೇಲೆ ಕೂತಾಗ, ಅಡುಗೆಮನೆಯಿಂದ 'ಎಂತ ಬಿಚ್ಚುತ್ತಿದ್ದೀಯೇ ಅದು?' ಎಂದು ಕೂಗದೆ ಇರೋಣ.